ಜ್ವರ ಬಿಟ್ಟ ಮೇಲೆ

ಜುಲೈ 28, 2024, ಭಾನುವಾರ. ಹೊನ್ನಾವರ

ಮಾಣಿ ಆಸ್ಪತ್ರೆಯಿಂದ ಮನೆಗೆ ಬಂದ. ಮಣಿಪಾಲದಲ್ಲಿ ಹಿಡಿದ ಮಳೆ ಭಟ್ಕಳ ದಾಟುವವರೆಗೂ ಬಿಡಲಿಲ್ಲ. ಶಿರೂರು ಟೋಲ್‌ಗೇಟಿನಲ್ಲಿ ಇವರು ಮಾತಾಡಲಿಲ್ಲ, ನಾನೂ ಆಡಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಅಂಬುಲೆನ್ಸ್ ಮಗುಚಿ ನಾಲ್ವರು ಹೋದದ್ದು ಅಲ್ಲೇ. ಮಗನನ್ನು ಮಲಗಿಸಿಕೊಂಡು ಮಣಿಪಾಲಕ್ಕೆ ಹೋಗುತ್ತ ಅದೇ ಜಾಗ ದಾಟಿದ ರಾತ್ರಿ ನನಗೆ ಮಂತ್ರ, ದೇವರು ಯಾವುದೂ ನೆನಪಾಗಲಿಲ್ಲ. ಆ ಸುದ್ದಿ ಮಾತ್ರ ನೆನಪಿತ್ತು. ಬಡಗು ದಿಕ್ಕಿಗೆ ಹೋಗೋಣವೆಂದರೆ ಅಂಕೋಲೆಯ ಇನ್ನೊಂದು ಶಿರೂರಿನಲ್ಲಿ ಈ ತಿಂಗಳ 16ರಂದು ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ನಮ್ಮ ಪಾಲಿಗೆ ಉಳಿದದ್ದು ತೆಂಕಣ ದಾರಿಯೊಂದೇ, ನೂರಿಪ್ಪತ್ತು ಕಿಲೋಮೀಟರಿನ ಮೇಲೆ.

ಅಂಗಳದಿಂದ ಜಗಲಿಗೆ ಮೂರೇ ಮೆಟ್ಟಿಲು. ಎಂಟು ವರ್ಷದ ಹುಡುಗ ಮೊದಲ ಮೆಟ್ಟಿಲಲ್ಲೇ ನಿಂತ. ಕಾಲು ಎತ್ತಿದ, ಮೇಲೆ ಬರಲಿಲ್ಲ. ಅವನ ಅಪ್ಪ ಎತ್ತಿಕೊಂಡು ಒಳಗೆ ತಂದರು. ಅತ್ತೆ ದೃಷ್ಟಿ ತೆಗೆದರು. ಅಕ್ಕಪಕ್ಕದವರೆಲ್ಲ ಬಂದು, ಗಂಡಾಂತರ ಕಳೆಯಿತು, ಇನ್ನೇನೂ ಹೆದರಿಕೆಯಿಲ್ಲ ಎಂದರು. ಅವರ ಬಾಯಿಯ ಮಾತು ನಿಜವಾಗಲಿ.

ಜುಲೈ 31, ಬುಧವಾರ

ಆದದ್ದನ್ನು ಒಮ್ಮೆ ಸರಿಯಾಗಿ ಬರೆದಿಡುತ್ತೇನೆ. ಶಾಲೆಯಲ್ಲಿ ಬೇರೆ ತಾಯಂದಿರಿಗೂ ಹೇಳಬೇಕಾಗುತ್ತದೆ.

ಡೆಂಗಿಯಲ್ಲಿ ಅಪಾಯ ಬರುವುದು ಜ್ವರ ಏರಿದಾಗಲ್ಲ, ಇಳಿದಾಗ. ಐದನೆಯ ದಿನ ಮೈ ತಣ್ಣಗಾಯಿತು. ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಡುವ ಹೊತ್ತು ಅದು. ಮಧ್ಯಾಹ್ನ ಹೊಟ್ಟೆನೋವು ಎಂದ, ಮತ್ತೆ ಮತ್ತೆ ವಾಂತಿ ಮಾಡಿದ, ಅಂಗೈ ಅಂಗಾಲು ತಣ್ಣಗೆ, ಉಚ್ಚೆ ಹೋಗಲೇ ಇಲ್ಲ. ರಕ್ತನಾಳಗಳಿಂದ ನೀರಿನಂಶ ಸೋರಿ ಹೊಟ್ಟೆಗೆ, ಎದೆಗೆ ಇಳಿಯುತ್ತದೆಯಂತೆ. ಒಳಗೆ ಹರಿಯಲು ರಕ್ತ ಸಾಲದೆ ಬಿಪಿ ಬೀಳುತ್ತದೆ. ಆ ಒಂದೆರಡು ದಿನ ದಾಟಿಸಿದರೆ ಸೋರಿದ್ದು ತಾನಾಗಿ ಹಿಂದಕ್ಕೆ ಬರುತ್ತದೆ. ನಮ್ಮ ಮಾಣಿಗೆ ಎದೆಯಲ್ಲಿ ನೀರು ತುಂಬಿ ಉಸಿರು ಸಾಲದೆ ವೆಂಟಿಲೇಟರ್ ಹಾಕಬೇಕಾಯಿತು. ಪ್ಲೇಟ್‌ಲೆಟ್ ಎಷ್ಟು ಎಂದು ಊರೆಲ್ಲ ಕೇಳುತ್ತದೆ. ಕೈಕಾಲು ತಣ್ಣಗಿದೆಯೇ, ಉಚ್ಚೆ ಹೋಯಿತೇ ಎಂದು ಮೊದಲು ಕೇಳಬೇಕು.

ಆಗಸ್ಟ್ 4, ಭಾನುವಾರ

ರಾತ್ರಿ ಎರಡು ಗಂಟೆಗೆ ಎದ್ದು ಕೂತ. “ಆಯಿ, ಅದು ಮತ್ತೆ ಕೂಗ್ತಾ ಇದ್ದು.” ಏನೂ ಕೂಗುತ್ತಿರಲಿಲ್ಲ. ಮಾಡಿನ ಮೇಲೆ ಮಳೆ, ಅಷ್ಟೆ. ಹಗಲಲ್ಲಿ ಹಾಲಿನ ವ್ಯಾನು ಹಿಂದಕ್ಕೆ ಬರುವಾಗ ಬೀಪ್ ಬೀಪ್ ಎಂದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಐಸಿಯುವಿನ ಮಾನಿಟರ್ ಅವನ ತಲೆಯಲ್ಲಿ ಇನ್ನೂ ನಡೆಯುತ್ತಿದೆ.

ಅವನು ಮಲಗಿದ ಮೇಲೆ ನನಗೆ ನಿದ್ದೆ ಬರುವುದಿಲ್ಲ. ಹಣೆ ಮುಟ್ಟಿ ನೋಡುತ್ತೇನೆ. ಬಿಸಿಯಿದ್ದರೆ ಹೆದರಿಕೆ, ತಣ್ಣಗಿದ್ದರೆ ಅದಕ್ಕಿಂತ ಹೆದರಿಕೆ.

ಆಗಸ್ಟ್ 7, ಬುಧವಾರ

ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿ ಮುರಿದು ಬಿದ್ದಿದೆ. ಟೀವಿಯಲ್ಲಿ ಅದೇ ಸುದ್ದಿ. ಇವರು ಎದ್ದು ಹೋಗಿ ಟೀವಿ ಆರಿಸಿದರು.

ಇವರು ದಿನಾ ಭಟ್ಕಳದ ಬ್ಯಾಂಕಿಗೆ ಹೋಗಿ ಬರುವುದು ಅದೇ ಅರವತ್ತಾರರ ಹೆದ್ದಾರಿಯಲ್ಲಿ. ಅಂಬುಲೆನ್ಸ್ ಸದ್ದು ಕೇಳಿದರೆ ಬೈಕು ಬದಿಗೆ ನಿಲ್ಲಿಸಿ, ಅದು ಕಣ್ಮರೆಯಾದ ಮೇಲೂ ಹೊರಡಲಾಗುವುದಿಲ್ಲವಂತೆ. ನನಗೆ ಹೇಳಿದ್ದು ಇವರಲ್ಲ, ಜೊತೆಗೆ ಹೋಗಿಬರುವ ಸಹೋದ್ಯೋಗಿ. ಗಂಡಸರ ಹತ್ತಿರ ಮಗು ಹೇಗಿದೆ ಎಂದು ಎಲ್ಲರೂ ಕೇಳುತ್ತಾರೆ, ನೀನು ಹೇಗಿದ್ದೀಯ ಎಂದು ಯಾರೂ ಕೇಳುವುದಿಲ್ಲ. ಇವತ್ತು ರಾತ್ರಿ ನಾನೇ ಕೇಳಿದೆ. ತುಂಬ ಹೊತ್ತಿನ ಮೇಲೆ, “ಆ ಕಾಗದಕ್ಕೆ ಸಹಿ ಹಾಕಿದ್ದು ನಾನಲ್ಲದಾ” ಎಂದರು. ಪೈಪು ಹಾಕಲು ಒಪ್ಪಿಗೆ ಕೊಟ್ಟ ಕಾಗದ ಅದು. ಆ ಸಹಿಯಿಂದಲೇ ಮಗ ಉಳಿದ. ಆದರೂ ಅದು ಅವರ ಕೈಯಲ್ಲಿ ಕೂತುಬಿಟ್ಟಿದೆ.

ಆಗಸ್ಟ್ 19, ಸೋಮವಾರ. ನೂಲ ಹುಣ್ಣಿಮೆ

ಅಕ್ಕ ತಮ್ಮನಿಗೆ ರಾಖಿ ಕಟ್ಟಿದಳು. ಆಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ಅಳುತ್ತಿದ್ದಳು. ನಾವು ಮಣಿಪಾಲದಲ್ಲಿದ್ದಾಗ ಹನ್ನೆರಡು ವರ್ಷದ ಈ ಹುಡುಗಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಫೋನ್ ಬಂದಾಗಲೆಲ್ಲ ದೊಡ್ಡವರು ಹೊರಗೆ ಹೋಗಿ ಮಾತಾಡುತ್ತಿದ್ದರಂತೆ. ತಮ್ಮ ಸತ್ತಿದ್ದಾನೆ, ತನಗೆ ಮಾತ್ರ ತಿಳಿಸುತ್ತಿಲ್ಲ ಎಂದೇ ಅವಳು ತಿಳಿದಿದ್ದಳು. ಇವತ್ತು ಬಾಯಿ ಬಿಟ್ಟಳು.

ಸೆಪ್ಟೆಂಬರ್ 8, ಭಾನುವಾರ. ಕುಮಟಾ

ಚೌತಿಗೆ ತವರಿಗೆ ಬಂದಿದ್ದೇವೆ. ಈ 3ರಂದು ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದ ಮೇಲೆ ಇಲ್ಲಿಯೂ ಮಾತೆಲ್ಲ ಸೊಳ್ಳೆಯದೇ. ಮಾಣಿ ಮೆಟ್ಟಿಲು ಹತ್ತುತ್ತಾನೆ, ಓಡಲಾರ. ಮಗ್ಗಿ ಒಂಬತ್ತರ ಹತ್ತಿರ ನಿಂತುಬಿಡುತ್ತದೆ. ಮೊದಲು ಹದಿನಾರರವರೆಗೆ ಬರುತ್ತಿತ್ತು. ಚಕ್ಕುಲಿ ಬೇಯಿಸುವ ಒಲೆಯ ಮುಂದೆ ಅಣ್ಣನ ಮಗಳೊಡನೆ ಇದನ್ನೆಲ್ಲ ಹೇಳಿಕೊಂಡೆ. ಅವಳು ನರ್ಸಿಂಗ್ ಪಾಠ ಮಾಡುವವಳು. ಅತ್ತೆ, ಇದಕ್ಕೊಂದು ಹೆಸರೇ ಇದೆ ಎಂದಳು.

ತೀವ್ರ ನಿಗಾ ಘಟಕದಿಂದ ಬದುಕಿ ಬಂದವರಿಗೆ ಸ್ನಾಯುಗಳ ಸೋಲು, ಮರೆವು, ಭಯ ತಿಂಗಳುಗಟ್ಟಲೆ ಉಳಿಯುವುದನ್ನು ವೈದ್ಯರು 2010ರಲ್ಲಿ ಒಟ್ಟಾಗಿ ಕೂತು ಗುರುತಿಸಿ ಹೆಸರಿಟ್ಟರಂತೆ. ಅದು ದೊಡ್ಡವರ ಲೆಕ್ಕ. ಮಕ್ಕಳಿಗೆ ಬೇರೆಯೇ ಲೆಕ್ಕ ಬೇಕೆಂದು ಬ್ರಿಟನ್, ಕೆನಡಾ, ಅಮೆರಿಕದ ತಜ್ಞರು ಬರೆದದ್ದು 2018ರಲ್ಲಿ. ಅವರು ಮೈ, ಬುದ್ಧಿ, ಮನಸ್ಸುಗಳ ಜೊತೆ ಮಗುವಿನ ಒಡನಾಟವನ್ನೂ ಎಣಿಸಿದರು. ಅಪ್ಪ, ಅಮ್ಮ, ಒಡಹುಟ್ಟಿದವರನ್ನೂ ಒಳಗೆ ಸೇರಿಸಿದರು. ಚೇತರಿಕೆಗೆ ಕೆಲವರಿಗೆ ಕೆಲವು ದಿನ, ಕೆಲವರಿಗೆ ದಶಕಗಳೇ ಹಿಡಿಯಬಹುದು ಎಂದರು. ಕೇಳುತ್ತಾ ಕೇಳುತ್ತಾ ನನ್ನ ಎದೆಯ ಭಾರ ಇಳಿಯಿತು. ನಮ್ಮ ಮನೆಯ ನಾಲ್ವರೂ ಆ ಲೆಕ್ಕದೊಳಗೆ ಇದ್ದೆವು.

ಇನ್ನೊಂದು ಮಾತು ಹೇಳಿದಳು. ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳಲ್ಲಿ ರೋಗಿ ಎಚ್ಚರ ತಪ್ಪಿ ಮಲಗಿದ್ದಾಗ ನರ್ಸುಗಳು, ಮನೆಯವರು ಅವನಿಗಾಗಿ ದಿನಚರಿ ಬರೆದಿಡುತ್ತಾರೆ. ಎದ್ದ ಮೇಲೆ ಕಳೆದುಹೋದ ದಿನಗಳನ್ನು ಅವನು ಓದಿ ಪಡೆಯುತ್ತಾನೆ. “ನೀವು ಹೇಗೂ ಆಸ್ಪತ್ರೆಯ ದಿನಗಳನ್ನು ಬರೆದಿದ್ದೀರಲ್ಲ, ಮಾಣಿಗೆ ಓದಿ.”

ಸೆಪ್ಟೆಂಬರ್ 15, ಭಾನುವಾರ. ಹೊನ್ನಾವರ

ಓದಿದೆ.

ತನ್ನನ್ನು ದೋಣಿಯೊಂದಕ್ಕೆ ಕಟ್ಟಿಹಾಕಿ, ಶರಾವತಿಯ ಸೇತುವೆಯ ಕೆಳಗೆ ಬಿಟ್ಟು ಅಪ್ಪ ಆಯಿ ಹೊರಟುಹೋದರೆಂದು ಅವನು ಇಷ್ಟು ದಿನ ನಂಬಿದ್ದ. ಅದು ಕನಸೆಂದು ಅವನಿಗೆ ಗೊತ್ತಿಲ್ಲ. ಅವನ ಪಾಲಿಗೆ ನಡೆದದ್ದೇ. ಸೇತುವೆ ದಾಟುವಾಗ ಕಾರಿನಲ್ಲಿ ನನ್ನ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದುದು ಏಕೆಂದು ಈಗ ತಿಳಿಯಿತು.

ನಾನು ಪುಟ ತೆರೆದು ಹೇಳಿದೆ: ಕೈಗೆ ಕಟ್ಟಿದ್ದು ಮೆತ್ತನೆಯ ಬಟ್ಟೆ, ಬಾಯಿಯ ಪೈಪನ್ನು ನೀನು ಎಳೆದುಕೊಳ್ಳಬಾರದೆಂದು. ಹಾಸಿಗೆ ಅಲ್ಲಾಡಿದಂತೆ ಅನಿಸಿದ್ದು ನಿನ್ನನ್ನು ಮಗ್ಗುಲು ತಿರುಗಿಸುತ್ತಿದ್ದುದರಿಂದ. ಅಪ್ಪ ಬಾಗಿಲ ಹೊರಗಿನ ಬೆಂಚಿನಲ್ಲೇ ಇದ್ದರು, ಬೆಳಗ್ಗೆ ಬಂದು ನಿನ್ನ ಕಾಲುಬೆರಳು ಹಿಡಿದರು. ನರ್ಸಕ್ಕ ನಿನ್ನ ತುಟಿಗೆ ನೀರು ಸವರಿದಳು.

“ಕಾಲು ಹಿಡಿದಿದ್ದು ಅಪ್ಪನಾ?” ಎಂದು ಕೇಳಿದ. ಅದೊಂದನ್ನು ಮತ್ತೆ ಮತ್ತೆ ಓದಿಸಿದ. ಇವರು ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಅಕ್ಕನೂ ಬಂದು ಕೂತಳು. ಮಕ್ಕಳಿಂದ ಮುಚ್ಚಿಡುವುದು ಅವರಿಗೆ ಒಳ್ಳೆಯದು ಎಂದು ನಮ್ಮ ಕಡೆ ಹಿರಿಯರು ನಂಬುತ್ತಾರೆ. ನಾನು ಇನ್ನು ನಂಬುವುದಿಲ್ಲ. ಮುಚ್ಚಿಟ್ಟ ಜಾಗವನ್ನು ಮಗು ತನ್ನ ಭಯದಿಂದಲೇ ತುಂಬಿಕೊಳ್ಳುತ್ತದೆ.

ಅಕ್ಟೋಬರ್ 12, ಶನಿವಾರ. ವಿಜಯದಶಮಿ

ಮಾಣಿಯ ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿದೆ. ದೊಡ್ಡ ಜ್ವರದ ಎರಡು ಮೂರು ತಿಂಗಳ ಮೇಲೆ ಹೀಗಾಗುತ್ತದೆ, ತಾನಾಗಿ ಮತ್ತೆ ಹುಟ್ಟುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಆ ಒಂದು ಮಾತನ್ನು ಕೇಳಲು ನಮಗೆ ಫೋನ್ ನಂಬರ್ ಇತ್ತು, ಭಾಷೆ ಇತ್ತು, ಧೈರ್ಯ ಇತ್ತು.

ಭಟ್ಕಳದ ಬಂದರಿನ ಕಡೆಯ ಒಬ್ಬ ತಾಯಿ ಐಸಿಯುವಿನ ಹೊರಗೆ ನಮ್ಮ ಜೊತೆ ಆ ಬೆಂಚಿನಲ್ಲಿ ಕೂತಿದ್ದರು. ಮಗಳಿಗೆ ಇಲಿಜ್ವರ, ಕಿಡ್ನಿಗೆ ಹೊಡೆದಿತ್ತು. ಹೋದ ವಾರ ಭಟ್ಕಳ ಪೇಟೆಯಲ್ಲಿ ಸಿಕ್ಕರು. ಮಗು ಉಳಿದಿದೆ, ಆದರೆ ಮಾತು ಕಡಿಮೆಯಾಗಿದೆ, ಶಾಲೆಗೆ ಹೋಗುತ್ತಿಲ್ಲ. ತಪಾಸಣೆಗೆ ಮತ್ತೆ ಹೋಗಿಲ್ಲ. “ಹೋಗಿ ಬರೂಕೆ ಒಂದು ದಿನದ ಕೂಲಿ ಹೋಗ್ತದೆ ಅಕ್ಕೋರೆ, ಬಸ್ಸಿಗೆ ಬೇರೆ.” ಆಯುಷ್ಮಾನ್ ಭಾರತ್ ಯೋಜನೆ ಬಿಡುಗಡೆಯಾದ ಮೇಲಿನ 15 ದಿನದ ಔಷಧ, ತಪಾಸಣೆಯ ಖರ್ಚನ್ನು ನೋಡಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ದುಃಸ್ವಪ್ನ, ಕೂದಲು, ಮಗ್ಗಿ, ಅಕ್ಕನ ಅಳು ಎಲ್ಲವೂ ಬಂದದ್ದು ಹದಿನೈದು ದಿನ ಕಳೆದ ಮೇಲೆಯೇ.

ನವೆಂಬರ್ 10, ಭಾನುವಾರ

ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂದು ನಮ್ಮ ಕಡೆಯ ಹುಡುಗರು 2019ರಿಂದ ಕೂಗುತ್ತಿದ್ದಾರೆ. ಅದು ಬರಲೇಬೇಕು. ಆದರೆ ಬದುಕಿ ಬಂದ ಮಗುವನ್ನು ನೋಡಿಕೊಳ್ಳಲು ಅಷ್ಟು ಕಾಯಬೇಕಾಗಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ನಮ್ಮ ಶಾಲೆಗೂ ಬರುತ್ತದೆ, ಹಲ್ಲು, ಕಣ್ಣು, ತೂಕ ನೋಡುತ್ತದೆ. ತಾಲೂಕು ಆರೋಗ್ಯಾಧಿಕಾರಿಗಳಿಗೆ ಕೊಡಲು ಬರೆದ ಅರ್ಜಿಯ ಸಾರವನ್ನು ಇಲ್ಲಿಯೂ ಬರೆದಿಡುತ್ತೇನೆ:

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಿಂದ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೆ ಹೋಗಿ ಐಸಿಯುವಿನಿಂದ ಮರಳಿದ ಪ್ರತಿ ಮಗುವಿನ ಹೆಸರು ಆ ತಂಡದ ಪುಸ್ತಕದಲ್ಲಿ ಏರಲಿ. ಮೊದಲ ತಿಂಗಳು, ಮೂರನೆಯ ತಿಂಗಳು, ಆರನೆಯ ತಿಂಗಳು ಯಾರಾದರೂ ಮನೆಗೆ ಬಂದು ನೋಡಲಿ: ನಡೆಯುತ್ತದೆಯೇ, ನಿದ್ದೆ ಬರುತ್ತದೆಯೇ, ಪಾಠ ಹತ್ತುತ್ತದೆಯೇ. ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನವಾದರೂ ಮಕ್ಕಳಿಗೆ ಫಿಸಿಯೋಥೆರಪಿ ಸಿಗಲಿ. ಬಂದವರು ಹೊರಡುವ ಮುಂಚೆ ತಾಯಿಯನ್ನೂ ತಂದೆಯನ್ನೂ ಒಡಹುಟ್ಟಿದವರನ್ನೂ ಕೂರಿಸಿ, ನೀವು ಹೇಗಿದ್ದೀರಿ ಎಂದು ಕೇಳಲಿ. ಭಟ್ಕಳದ ಆ ಮಗುವಿನ ಮನೆಯಿಂದಲೇ ಶುರುವಾಗಲಿ.