ಆರದ ಬಲ್ಬು, ಮುಗಿಯದ ಪ್ರಯೋಗ

ನಮ್ಮ ಲಿವರ್‌ಮೋರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಹೆಚ್ಚುಕಮ್ಮಿ ಆರದೆ ಉರೀತಿರೋ ಬಲ್ಬೊಂದಿದೆ. ಈಗದು ಬರೀ 4 ವ್ಯಾಟ್‌ನಷ್ಟು ಮಂದ. ದೀರ್ಘಾಯುಸ್ಸಿಗೆ ಅದೂ ಒಂದು ಕಾರಣವಂತೆ.

ಕಾಲೇಜಿಗೆ ಅರ್ಜಿ ಹಾಕೋ ಮುಂಚೆ ಮಗಳು ಹಿಡಿದ ಸಂಶೋಧನೆ ಇದೇ. ಸಾವಿರಾರು ಡಾಲರ್ ತಗೊಂಡು ಪ್ರಬಂಧ ಮಾಡಿಸಿಕೊಡೋರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವಳು ಗರಾಜಿನಲ್ಲಿ ಟಾರ್ಚ್ ಬಲ್ಬುಗಳನ್ನ ಸಾಲಾಗಿ ಉರಿಸಿಟ್ಟಳು. ವೋಲ್ಟೇಜ್ ಹೆಚ್ಚು ಕೊಟ್ಟವು ಬೇಗ ಸುಟ್ಟುಹೋದವು. ಕಡಿಮೆ ಕೊಟ್ಟವು? ಅರ್ಜಿಯ ಕೊನೇ ದಿನ ಬಂದರೂ ಉರೀತಾನೇ ಇದ್ದವು!

"ಅಂದಾಜಿನ ಮೇಲೆ ಗ್ರಾಫ್ ಮುಗಿಸಿಬಿಡಮ್ಮಾ" ಅಂದರು ಪರಿಚಯದವರೊಬ್ಬರು.

"ಅವು ಇನ್ನೂ ಸತ್ತಿಲ್ಲವಲ್ಲ ಅಂಕಲ್" ಅಂದಳು.

ಅರ್ಜಿಯಲ್ಲೂ ಹಾಗೇ ಬರೆದಳು: ಪ್ರಯೋಗ ಮುಗಿದಿಲ್ಲ. ಸೀಟು ಸಿಗತ್ತೋ ಬಿಡತ್ತೋ, ಆ ಒಂದು ಸಾಲಿಗೆ ನನ್ನ ಕಡೆಯಿಂದ ನೂರಕ್ಕೆ ನೂರು. ನೀವೇನಂತೀರಿ?