ಗೆಲ್ಲದ ಮೊಲವನ್ನು ಹುಡುಕಿಕೊಂಡು

ಸಾವಿರಗಟ್ಟಲೆ ಪ್ರಾಣಿಗಳು ಒಂದೇ ಸೂರಿನಡಿ ಸೇರಿದ್ದರೂ ಒಂದೂ ಬಾಯಿ ಬಿಡದ ಮೇಳವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರ. ಮಾರ್ಚ್ ತಿಂಗಳು, ಹೊರಗೆ ರಸ್ತೆಯಂಚಿಗೆ ತಳ್ಳಿದ ಹಿಮ ಮಸಿ ಹಿಡಿದು ಕೂತಿತ್ತು. ಒಳಗೆ ದೊಡ್ಡ ಹಾಲ್‌ನ ತುಂಬ ತಂತಿ ಬೋನುಗಳ ಸಾಲು, ಬೋನಿಗೊಂದು ಮೊಲ. ಮನುಷ್ಯರ ಮಾತು, ಮೈಕಿನ ಕೂಗು, ಒಣಹುಲ್ಲಿನ ವಾಸನೆ. ಅದರ ನಡುವೆ ಆಗಾಗ ಯಾವುದೋ ಮೊಲ ಮುನಿಸಿಕೊಂಡು ಹಿಂಗಾಲಿನಿಂದ ಬೋನಿನ ತಳಕ್ಕೆ ಧಡ್ಡೆಂದು ಒದೆಯುತ್ತಿತ್ತು. ಅಷ್ಟೇ ಅವುಗಳ ಮಾತು.

ನನ್ನನ್ನು ಅಲ್ಲಿಗೆ ಎಳೆದು ತಂದವಳು ಅಕ್ಕನ ಮೊಮ್ಮಗಳು. ಹನ್ನೆರಡರ ಪೋರಿ. ಕ್ಲೀವ್‌ಲ್ಯಾಂಡಿನ ಹತ್ತಿರವಿರುವ ಅವರ ಊರಿನಲ್ಲಿ ಫೋರ್-ಎಚ್ ಎಂಬ ಮಕ್ಕಳ ಕೂಟವಿದೆ. ದನ, ಕುರಿ, ಕೋಳಿ, ತರಕಾರಿ ಏನನ್ನಾದರೂ ಬೆಳೆಸಿ ಕಲಿಯುವ ಈ ಚಳವಳಿ ಮೊದಲಾದದ್ದೇ ಒಹಾಯೊದಲ್ಲಿ, 1902ರಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹಳ್ಳಿಯ ಮಕ್ಕಳನ್ನು ಕೂಡಿಸಿಕೊಂಡು ಶುರುಮಾಡಿದ್ದು. ನಮ್ಮ ಹುಡುಗಿಗೆ ಮೊಲ ಬೇಕು. ಮುದ್ದಿಗೆ ಸಾಕುವ ಮೊಲವಲ್ಲ, ಮೇಜಿನ ಮೇಲಿಟ್ಟು ಗೆಲ್ಲುವ ಮೊಲ. "ಅಂಗಡೀಲಿ ತಗೊಳ್ಳೋದಲ್ಲ ತಾತ, ಬ್ರೀಡರ್ ಹತ್ತಿರಾನೇ ತಗೋಬೇಕು" ಎಂದು ದಾರಿಯುದ್ದಕ್ಕೂ ನನಗೆ ಪಾಠ ಮಾಡಿದ್ದಳು.

ಅಮೆರಿಕದ ಮೊಲ ಸಾಕುವವರ ಸಂಘ 1910ರಷ್ಟು ಹಳೆಯದು. ಅದು ಒಪ್ಪಿದ ತಳಿಗಳೇ ಐವತ್ತಕ್ಕೆ ಮಿಗಿಲು. ಪ್ರತಿ ತಳಿಯ ಮೈಕಟ್ಟು, ತೂಕ, ಕೂದಲು, ಬಣ್ಣ ಹೇಗಿರಬೇಕೆಂಬುದಕ್ಕೆ ಅಚ್ಚು ಹಾಕಿದ ಒಂದು ಗ್ರಂಥವಿದೆ. ಆ ಗ್ರಂಥದ ಪುಟಗಳು ಜೀವ ತಳೆದು ಸಾಲಾಗಿ ಕುಳಿತದ್ದನ್ನು ನಾನು ಬಾಯ್ತೆರೆದು ನೋಡುತ್ತ ನಡೆದೆ. ಈ ಕಡೆ ಫ್ಲೆಮಿಷ್ ಜೈಂಟ್: ಬೆಳೆದ ಹೆಣ್ಣು ಹದಿನಾಲ್ಕು ಪೌಂಡಿಗಿಂತ (ಆರು ಕಿಲೋಗೂ ಹೆಚ್ಚು) ಕಡಿಮೆ ಇರುವಂತಿಲ್ಲ, ಮೇಲಿನ ಮಿತಿಯೇ ಇಲ್ಲ. ಆ ಕಡೆ ನೆದರ್‌ಲ್ಯಾಂಡ್ ಡ್ವಾರ್ಫ್: ಎರಡೂವರೆ ಪೌಂಡ್ ದಾಟಿತೋ, ಮೇಜಿನಿಂದ ಕೆಳಗಿಳಿಯಬೇಕು. ಇಂಗ್ಲಿಷ್ ಲಾಪ್ ಎಂಬುದರ ಕಿವಿಗಳು ನೆಲ ಗುಡಿಸುತ್ತವೆ. ತೀರ್ಪುಗಾರ ಅವನ್ನು ಎರಡೂ ಕಡೆಗೆ ಹರಡಿ ಅಳತೆಪಟ್ಟಿ ಇಟ್ಟ. ತುದಿಯಿಂದ ತುದಿಗೆ ಇಪ್ಪತ್ತೊಂದು ಇಂಚು ಇರಲೇಬೇಕಂತೆ. ಹಿಮಾಲಯನ್ ಎಂಬ ಬಿಳಿಯ ಮೊಲದ ಮೂಗು, ಕಿವಿ, ಪಾದ, ಬಾಲ ಮಾತ್ರ ಕಪ್ಪು. ಮೈಯ ತಂಪಾದ ಭಾಗದಲ್ಲಷ್ಟೇ ಅದರ ಬಣ್ಣ ಹುಟ್ಟುತ್ತದೆ; ಚಳಿಗಾಲದಲ್ಲಿ ಇನ್ನೂ ಕಡುವಾಗುತ್ತದೆ. ಇದೇ ಒಹಾಯೊದಲ್ಲಿ ಹುಟ್ಟಿದ ಸಿಲ್ವರ್ ಫಾಕ್ಸ್‌ನ ಬೆನ್ನನ್ನು ಹಿಮ್ಮುಖವಾಗಿ ಸವರಿದೆ, ಅದರ ಒಡೆಯನ ಅಪ್ಪಣೆ ಕೇಳಿಯೇ. ಕೂದಲು ಮತ್ತೆ ಮಲಗಲಿಲ್ಲ, ನಿಂತೇ ಇತ್ತು. ಹಾಗೆ ನಿಲ್ಲುವುದೇ ಅದರ ಹೆಗ್ಗಳಿಕೆ.

ತೀರ್ಪು ನಡೆಯುವ ಮೇಜಿನ ಬಳಿ ನಿಂತಾಗ ಮಾತ್ರ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೆನಪಾಯಿತು. ಅಲ್ಲಿ ಹಳ್ಳಿಕಾರ್ ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡುವಂತೆಯೇ ಇಲ್ಲಿ ಮೊಲವನ್ನು ಅಂಗಾತ ಮಾಡಿ ಹಲ್ಲು ನೋಡುತ್ತಾರೆ. ಮೇಲಿನ ಹಲ್ಲು ಕೆಳಗಿನದರ ಮುಂದೆ ಕೂರಬೇಕು. ಇಲ್ಲದಿದ್ದರೆ ಬೆಳೆಯುತ್ತಲೇ ಹೋಗಿ ಮೊಲ ತಿನ್ನಲಾರದೆ ಸಾಯುತ್ತದೆ. ಆಮೇಲೆ ಉಗುರು. ಬಣ್ಣದ ಮೊಲಕ್ಕೆ ಒಂದೇ ಒಂದು ಉಗುರು ಬಿಳಿಯಾಗಿದ್ದರೂ ಅದು ಅಲ್ಲಿಗೆ ಮುಗಿಯಿತು. ತೀರ್ಪುಗಾರ ಗುಟ್ಟು ಮಾಡುವುದಿಲ್ಲ. ಭುಜ ಸಡಿಲ, ಸೊಂಟ ಚಪ್ಪಟೆ, ತುಪ್ಪಳ ಉದುರುತ್ತಿದೆ ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳುತ್ತಾನೆ, ಪಕ್ಕದವರು ಬರೆದುಕೊಳ್ಳುತ್ತಾರೆ. ಯಾವ ಮೊಲ ಯಾರದೆಂದು ಅವನಿಗೆ ತಿಳಿಯಬಾರದು, ಆದ್ದರಿಂದ ಒಡೆಯರು ಕಲ್ಲಿನ ಮುಖ ಮಾಡಿಕೊಂಡು ನಿಂತಿರುತ್ತಾರೆ. ಎಡಗಿವಿಯೊಳಗಿನ ಹಚ್ಚೆಯೊಂದೇ ಮೊಲದ ಗುರುತು. ಬಲಗಿವಿ ಸಂಘದ ನೋಂದಣಿಗೆ ಮೀಸಲು.

ಆಮೇಲೆ ಇಂಗ್ಲಿಷ್ ಸ್ಪಾಟ್‌ಗಳ ಸರದಿ ಬಂತು. ಹುಡುಗಿಯ ಮನಸ್ಸು ನೆಟ್ಟದ್ದು ಈ ತಳಿಯ ಮೇಲೆ. ಹೆಚ್ಚಿನ ತಳಿಗಳು ಮುದ್ದೆಯಾಗಿ ಕೂತು ಅಂಕ ಗಳಿಸಿದರೆ ಇವು ಓಡಿ ತೋರಿಸಬೇಕು. ಉದ್ದನೆಯ ಮೇಜಿನ ಮೇಲೆ ಜಮಖಾನೆ ಹಾಸಿ ಬಿಟ್ಟರು. ಬಿಳಿಯ ಮೈ, ಕಮಾನಿನಂತೆ ಎತ್ತಿದ ಹೊಟ್ಟೆ. ಮೂಗಿನ ಮೇಲೆ ರೆಕ್ಕೆ ಬಿಚ್ಚಿದ ಚಿಟ್ಟೆ, ಕಣ್ಣ ಸುತ್ತ ಕಪ್ಪು ಉಂಗುರ, ಕೆನ್ನೆಗೊಂದು ಚುಕ್ಕೆ, ಬೆನ್ನೆಲುಬಿನುದ್ದ ಒಂದು ಗೆರೆ, ಕತ್ತಿನಿಂದ ಸೊಂಟದವರೆಗೆ ಸಣ್ಣದಾಗಿ ಮೊದಲಾಗಿ ದೊಡ್ಡದಾಗುತ್ತ ಹೋಗುವ ಚುಕ್ಕೆಗಳ ಸರ. ಯಾರು ಬರೆದರೋ ಎನ್ನಿಸಿತು. ಗೆದ್ದ ಗಂಡು ಮೊಲವನ್ನು ತೋರಿಸಿ ಹುಡುಗಿ, "ಇದನ್ನೇ ಕೇಳೋಣ ತಾತ" ಎಂದಳು.

ಅದರ ಒಡತಿ ಎಪ್ಪತ್ತು ದಾಟಿದ ಹೆಂಗಸು. ಕೈಯ ಮೇಲೆಲ್ಲ ಮೊಲದ ಉಗುರಿನ ಹಳೆಯ ಗೆರೆಗಳು. ನಕ್ಕುಬಿಟ್ಟಳು. "ಅದನ್ನು ಕೊಡೋದಿಲ್ಲ ಮಗು. ಕೊಟ್ಟರೂ ನಿನಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ" ಎಂದು ನಮ್ಮನ್ನು ಹಿಂದಿನ ಸಾಲಿಗೆ ಕರೆದೊಯ್ದಳು. ಅಲ್ಲಿ ತೀರ್ಪಿಗೆ ಹೋಗದ, ಮಾರಾಟಕ್ಕೆ ತಂದ ಬೋನುಗಳು. ಒಂದರಲ್ಲಿ ಚುಕ್ಕೆಯೇ ಇಲ್ಲದ ಅಚ್ಚಕಪ್ಪು ಹೆಣ್ಣು. ಇನ್ನೊಂದರಲ್ಲಿ ಹೆಚ್ಚುಕಡಿಮೆ ಪೂರಾ ಬಿಳಿಯ ಗಂಡು. ಮೂಗಿನ ಕೆಳಗೆ ಚೂರೇ ಚೂರು ಕಪ್ಪು ಮೀಸೆ. ಆ ಮೀಸೆಯಿಂದಾಗಿ ಇಂಥವನ್ನು ಚಾರ್ಲಿ ಎನ್ನುತ್ತಾರೆ, ಚಾಪ್ಲಿನ್ನನ ನೆನಪಿಗೆ. ಎರಡಕ್ಕೂ ಪ್ರದರ್ಶನದಲ್ಲಿ ಜಾಗವಿಲ್ಲ.

ಇಲ್ಲಿಂದ ಮುಂದೆ ನನ್ನ ತಲೆ ತಿರುಗಿತು. ಚುಕ್ಕೆಯ ಗುಣ ಒಂದು ಪಾಲು ಬಂದರೆ ಚೆಲುವಾದ ಸ್ಪಾಟ್. ಎರಡು ಪಾಲು ಬಂದರೆ ಚಾರ್ಲಿ. ಒಂದೂ ಬಾರದಿದ್ದರೆ ಒಂದೇ ಬಣ್ಣ. ಹಾಗಾಗಿ ಗೆದ್ದ ಸ್ಪಾಟ್‌ಗೆ ಗೆದ್ದ ಸ್ಪಾಟನ್ನೇ ಜೊತೆ ಮಾಡಿದರೆ ಲೆಕ್ಕದ ಪ್ರಕಾರ ಮರಿಗಳಲ್ಲಿ ಅರ್ಧ ಮಾತ್ರ ಸ್ಪಾಟ್. ಕಾಲು ಭಾಗ ಚಾರ್ಲಿ, ಕಾಲು ಭಾಗ ಬರೀ ಕಪ್ಪು. ಆದರೆ ಎಲ್ಲಿಯೂ ಗೆಲ್ಲಲಾರದ ಈ ಕಪ್ಪು ಹೆಣ್ಣಿಗೆ ಎಲ್ಲಿಯೂ ಗೆಲ್ಲಲಾರದ ಆ ಚಾರ್ಲಿಯನ್ನು ಬಿಟ್ಟರೆ ಹುಟ್ಟಿದ ಮರಿಗಳೆಲ್ಲ ಸ್ಪಾಟ್. ಒಂದೂ ತಪ್ಪುವುದಿಲ್ಲ! ಬಹುಮಾನದ ಮೊಲ ಕೊಳ್ಳಲು ಬಂದವರಿಗೆ ಆಕೆ ಸೋತವರ ಜೋಡಿಯನ್ನು ಕೈಗಿಡುತ್ತಿದ್ದಳು, ಅದೇ ಉಪಕಾರವೆಂಬಂತೆ. ನಿಜಕ್ಕೂ ಉಪಕಾರವೇ.

ನಾನು ಸುಮ್ಮನಿರಲಾರದೆ ಇತರ ತಳಿಯವರನ್ನೂ ಕೇಳಿದೆ. ಜೋಲುಗಿವಿಯ ಪುಟ್ಟ ಹಾಲೆಂಡ್ ಲಾಪ್ ಸಾಕುವವರದೂ ಅದೇ ಕಥೆ. ಕುಳ್ಳಾಗಿಸುವ ಗುಣ ಇಬ್ಬರಿಂದಲೂ ಬಂದ ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತದೆ. ಅದಕ್ಕವರು ಪೀನಟ್ ಎನ್ನುತ್ತಾರೆ. ಆದ್ದರಿಂದ ಆ ಗುಣವೇ ಇಲ್ಲದ, ನಾಲ್ಕು ಪೌಂಡಿನ ಮಿತಿ ಮೀರಿದ, ಉದ್ದ ಮುಖದ ದಪ್ಪ ಹೆಣ್ಣನ್ನು ಅವರು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಪ್ರಶಸ್ತಿಯ ಮರಿಗಳ ತಾಯಿ ಆಕೆ. ತೀರ್ಪುಗಾರನ ಮುಖವನ್ನೇ ನೋಡಿರುವುದಿಲ್ಲ.

ಚೆಲುವಿಗೆ ಮರುಳಾಗಿ ದುಡ್ಡು ಸುರಿದವರೂ ಇದ್ದಾರೆ. 1900ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್ ಕಡೆ ಬೆಲ್ಜಿಯನ್ ಹೇರ್ ಎಂಬ ಸಪೂರ ಕೆಂಬಣ್ಣದ ತಳಿಗೆ ಜನ ಹುಚ್ಚೆದ್ದು ಬೆಲೆ ಕಟ್ಟಿದರು. ಎಲ್ಲರ ಹಿತ್ತಲಲ್ಲೂ ಅದೇ ಮೊಲ ತುಂಬಿದ ಮೇಲೆ ಕೊಳ್ಳುವವರೇ ಇಲ್ಲದೆ ವ್ಯಾಪಾರ ಕುಸಿಯಿತು.

ಸ್ಪಾಟ್ ಸಾಕುವ ಆ ಅಜ್ಜಿಯ ಪಾಠ ಲೆಕ್ಕಕ್ಕೆ ಮುಗಿಯಲಿಲ್ಲ. ಮೊಲದ ಮುಂಗಾಲಿನ ಒಳಬದಿಯನ್ನು ತಿರುಗಿಸಿ ತೋರಿಸಿದಳು. ಅಲ್ಲಿ ಕೂದಲು ಜಡೆಗಟ್ಟಿದ್ದರೆ ಅದು ಮೂಗು ಒರೆಸಿಕೊಂಡ ಗುರುತು, ಶೀತದ ರೋಗವಿದೆ. ಮಾರುವವರು ಮೂಗು ಒರೆಸಿ ತಂದಿರಬಹುದು, ಪಾದ ಒರೆಸಲು ಮರೆತಿರುತ್ತಾರೆ. ಮೂರು ತಲೆಮಾರಿನ ವಂಶಾವಳಿಯ ಹಾಳೆ ಕೊಟ್ಟಳು. 2020ರಿಂದ ಅಮೆರಿಕದಲ್ಲಿ ಹರಡಿದ ರಕ್ತಸ್ರಾವದ ವೈರಸ್ ರೋಗಕ್ಕೆ ಲಸಿಕೆ ಹಾಕಿಸಿದ ಕಾಗದವೂ ಜೊತೆಗಿತ್ತು. ಮನೆಗೆ ಹೋದ ಮೇಲೆ ಒಂದು ತಿಂಗಳು ಬೇರೆ ಮೊಲಗಳಿಂದ ದೂರವಿಡಿ. ಹೆಣ್ಣನ್ನೇ ಗಂಡಿನ ಬೋನಿಗೆ ಒಯ್ಯಿರಿ. ಗಂಡನ್ನು ಹೆಣ್ಣಿನ ಬೋನಿಗೆ ಬಿಟ್ಟರೆ ಆಕೆ ಹರಿದುಹಾಕುತ್ತಾಳೆ. ಚಾರ್ಲಿಗಳ ಕರುಳು ಹುಟ್ಟಿನಿಂದಲೇ ಮಂದ, ಒಣಹುಲ್ಲು ಎಂದೂ ತಪ್ಪಿಸಬೇಡಿ.

ಕೊನೆಗೊಂದು ಮಾತು ಸೇರಿಸಿದಳು. ಮರಿಗಳೆಲ್ಲ ಸ್ಪಾಟ್ ಆಗುವುದು ಖಂಡಿತ, ಆದರೆ ಚುಕ್ಕೆ ಎಲ್ಲಿ ಬೀಳುತ್ತದೆಂದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಚಿಟ್ಟೆಯ ಒಂದು ರೆಕ್ಕೆ ಹರಿದಿರಬಹುದು, ಬೆನ್ನ ಗೆರೆ ತುಂಡಾಗಿರಬಹುದು. ಒಂದು ಸೂಲಿನ ಎಂಟು ಮರಿಗಳಲ್ಲಿ ಮೇಜಿಗೆ ಒಂದು ಸಿಕ್ಕರೆ ಪುಣ್ಯ.

ಕಾರಿನ ಹಿಂದೆ ಎರಡು ಬೋನು ಇಟ್ಟುಕೊಂಡು ಹೊರಟೆವು. ಹುಡುಗಿ ಮೂವತ್ತೊಂದು ದಿನದ ಗರ್ಭವನ್ನು ಕ್ಯಾಲೆಂಡರಿನ ಮೇಲೆ ಎಣಿಸುತ್ತಿದ್ದಳು. ಅಷ್ಟು ಹೊತ್ತು ಸುಮ್ಮನಿದ್ದ ಅವಳಮ್ಮ ಸ್ಟೀರಿಂಗ್ ಹಿಡಿದುಕೊಂಡೇ ಕೇಳಿದಳು: "ಅಲ್ಲ ಮಾವ, ಮಿಕ್ಕ ಏಳು ಮರಿ ಏನು ಮಾಡೋದು?" ಇಲ್ಲಿನ ಬಹಳ ಮಂದಿ ಅವನ್ನು ಅಡುಗೆಗೆ ಕೊಡುತ್ತಾರೆ ಎಂಬುದು ಹಾಲ್‌ನಲ್ಲೇ ಕಿವಿಗೆ ಬಿದ್ದಿತ್ತು, ನಮ್ಮದು ತತ್ತಿಯನ್ನೂ ಮುಟ್ಟದ ಮನೆ. ಹುಡುಗಿ ಅದಕ್ಕೂ ಸಿದ್ಧವಾಗಿದ್ದಳು. ಮರಿ ಸಾಕಲು ಒಪ್ಪಿದವರ ಪಟ್ಟಿಯನ್ನು ಬ್ಯಾಗಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು. ನಾಲ್ಕೇ ಹೆಸರಿದ್ದವು. ಮೂವರು ಅವಳ ತರಗತಿಯವರು. ನಾಲ್ಕನೆಯದು ನನ್ನದು.