ಸ್ಟಿಕ್ಕರ್ ಚಾರ್ಟು ಮತ್ತು ಅಜ್ಜಿಯ ಫೋನು

ಮೆಲ್ಬರ್ನಿನಲ್ಲಿ ನಾನು ಓದಿದ್ದು ಔದ್ಯೋಗಿಕ ಮನಃಶಾಸ್ತ್ರ. "ಹಾಗಾದ್ರೆ ನೀನು ಮನಸ್ಸಿನ ಡಾಕ್ಟರೇನಮ್ಮಾ?" ಎಂದು ಊರಿನಲ್ಲಿ ಕೇಳುತ್ತಿದ್ದರು. ಅಲ್ಲ. ಕೆಲವರು ಮನಸ್ಸಿಟ್ಟು ಕೆಲಸ ಮಾಡುವುದೇಕೆ, ಕೆಲವರಿಗೆ ಬೇಸರ ಬರುವುದೇಕೆ ಎಂದು ತಿಳಿಯುವ ವಿದ್ಯೆ ಇದು. ಈಗ ಸಿಡ್ನಿಯಲ್ಲಿ ನನಗೆ ಅದೇ ಕೆಲಸ. ನೌಕರರನ್ನು ಮಾತನಾಡಿಸಿ, ಪ್ರಶ್ನಾವಳಿ ತುಂಬಿಸಿಕೊಂಡು ವರದಿ ಬರೆಯುತ್ತೇನೆ. ಬೋನಸ್ ಸಿಕ್ಕರೂ "ನಮ್ಮ ಮಾತು ಯಾರೂ ಕೇಳುವುದಿಲ್ಲ" ಎಂದು ಬರೆದವರನ್ನು ಎಷ್ಟೋ ನೋಡಿದ್ದೇನೆ.

ಆದರೆ ಆಫೀಸಿನ ಬುದ್ಧಿ ಮನೆಗೆ ಬರಲು ತಡವಾಯಿತು ನೋಡಿ!

ಮಗಳು ಭಾನುವಾರದ ಕನ್ನಡ ತರಗತಿಗೆ ಸೇರಿದಾಗ ಫ್ರಿಜ್ ಮೇಲೆ ಚಾರ್ಟು ಅಂಟಿಸಿದೆ. ಪುಟಕ್ಕೊಂದು ಸ್ಟಿಕ್ಕರ್, 10 ಸ್ಟಿಕ್ಕರಿಗೆ 5 ಡಾಲರ್. ಮೊದಲ ತಿಂಗಳು ಕಾಗುಣಿತ ಸರಸರನೆ ಸಾಗಿತು. ಎರಡನೆಯ ತಿಂಗಳು "ಅಮ್ಮ, 10 ಡಾಲರ್ ಮಾಡು" ಎಂದಳು. ಮೂರನೆಯ ತಿಂಗಳು "ದುಡ್ಡೂ ಬೇಡ, ಕನ್ನಡಾನೂ ಬೇಡ" ಎಂದುಬಿಟ್ಟಳು.

ಅಂದು ರಾತ್ರಿ ಹಿಂದೆ ಓದಿದ್ದ ಪ್ರಯೋಗವೊಂದು ನೆನಪಾಯಿತು. 1973ರಲ್ಲಿ ಪ್ರಕಟವಾದ ಅದರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್, ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ "ಬರೆದರೆ ಬಹುಮಾನ" ಎಂದು ಮೊದಲೇ ಹೇಳಿದ್ದರು. ಒಂದೆರಡು ವಾರದ ನಂತರ ಬಹುಮಾನದ ಮಾತಿಲ್ಲದೆ ಬಿಟ್ಟಾಗ, ಆ ಮಕ್ಕಳು ಚಿತ್ರ ಬರೆದ ಸಮಯ ಉಳಿದವರ ಸುಮಾರು ಅರ್ಧದಷ್ಟೇ ಆಗಿತ್ತು. ಎಡ್ವರ್ಡ್ ಡೆಸಿ ಮತ್ತು ಮುಂದೆ ನಮ್ಮ ಸಿಡ್ನಿಗೂ ಪ್ರಾಧ್ಯಾಪಕರಾಗಿ ಬಂದ ರಿಚರ್ಡ್ ರಯಾನ್ ಹೇಳುವುದೂ ಇದಕ್ಕೆ ಹತ್ತಿರವೇ. ಮನಸ್ಸಿಗೆ ಮೂರು ಬೇಕು: ತಾನೇ ಆರಿಸಿಕೊಂಡೆನೆಂಬ ಭಾವ, ಕೈಲಾಗುತ್ತದೆಂಬ ಧೈರ್ಯ, ತನ್ನವರೊಡನೆ ನಂಟು. ಸಂಬಳ ಬೇಡವೆಂದಲ್ಲ, ಅದೊಂದೇ ಸಾಲದು.

ಮರುದಿನ ಆಫೀಸಿನಲ್ಲಿ ಮಾಡುವುದನ್ನೇ ಮನೆಯಲ್ಲೂ ಮಾಡಿದೆ. ಉಪದೇಶ ಬಿಟ್ಟು ಪ್ರಶ್ನೆ ಕೇಳಿದೆ. "ಕನ್ನಡ ಅಷ್ಟು ಕಷ್ಟವಾ ಪುಟ್ಟಿ?"

"ಕಷ್ಟ ಇಲ್ಲಮ್ಮ. ಅಜ್ಜಿ ಫೋನ್ ಮಾಡಿದಾಗ ನೀನೇ ಮಾತಾಡ್ತೀಯ. ಕೊನೇಲಿ ನಂಗೆ ಹಲೋ ಹೇಳು ಅಂತೀಯ. ಮತ್ತೆ ನಾನ್ಯಾಕೆ ಕಲೀಬೇಕು?"

ನನ್ನಲ್ಲಿ ಉತ್ತರವಿರಲಿಲ್ಲ. ಚಾರ್ಟು ತೆಗೆದೆ. ಈಗ ಭಾನುವಾರದ ಫೋನು ಅವಳದೇ. ಏನು ಮಾತಾಡಬೇಕೆಂದು ಅವಳೇ ನಿರ್ಧರಿಸುತ್ತಾಳೆ. ತಪ್ಪಿದರೆ ಮೈಸೂರಿನಿಂದ ಅಜ್ಜಿ ನಗುತ್ತಾ ತಿದ್ದುತ್ತಾರೆ. ಪುಸ್ತಕ ಮುಟ್ಟದ ವಾರಗಳು ಈಗಲೂ ಇವೆ. ಆದರೆ ಹೋದ ತಿಂಗಳು ಅಜ್ಜಿಯಿಂದ ಸಾರು ಮಾಡುವ ಬಗೆ ಕೇಳಿ ತಾನೇ ಕನ್ನಡದಲ್ಲಿ ಬರೆದುಕೊಂಡಳು. ಹುಣಸೆ "ಹುನಸೆ" ಆಗಿತ್ತು. ಸಾರಿನ ರುಚಿಯೇನೂ ಕೆಡಲಿಲ್ಲ!

ಪೋಷಕರೇ, ಬಹುಮಾನ ಕೊಡುವ ಮೊದಲು ಮಕ್ಕಳನ್ನು ಒಮ್ಮೆ ಕೇಳಿ ನೋಡಿ. ಮಕ್ಕಳೇ, ನಿಮ್ಮನ್ನು ಯಾರೂ ಕೇಳದಿದ್ದರೆ ನೀವೇ ಹೇಳಿಬಿಡಿ.